ಪೀಪಿ ಸಾಹೇಬರ ಸಣ್ಣ ತಿದ್ದುಪಡಿ

ಧಾರವಾಡದಲ್ಲಿ ನಿಂತು ಕಲ್ಲು ಎಸೆದರೆ ಅದು ಕವಿಯ ಮನೆಯ ಮೇಲೇ ಬೀಳುತ್ತದೆ ಎಂಬ ಮಾತು ಹಳೆಯದು. ಪೀಪಿ ಸಾಹೇಬರಿಗೆ ಇದು ಒಪ್ಪಿಗೆಯಿಲ್ಲ. "ಕವಿ ಮನಿ ಮ್ಯಾಲೆ ಅಲ್ರೀ, ಮಾಸ್ತರ ಮನಿ ಮ್ಯಾಲೆ. ಬೇಂದ್ರೆಯವರು ಮಾಸ್ತರಿಕಿ ಮಾಡಿದವರು. ಶಂ.ಬಾ. ಜೋಶಿಯವರೂ ಮಾಸ್ತರಿಕಿ ಮಾಡಿದವರು. ಮೊದಲು ಹಾಜರಿ ಪುಸ್ತಕ, ಆಮ್ಯಾಲೆ ಕವಿತಾ" ಎಂದು ತಿದ್ದುತ್ತಾರೆ. ಯಾರೂ ಕೇಳಿರುವುದಿಲ್ಲ. ಕೇಳದವರಿಗೆ ಹೇಳುವುದೇ ಅವರ ಸೇವಾಕ್ಷೇತ್ರ.

ಪೀಪಿ ಎಂದರೆ ಪಾಸ್ಟ್ ಪ್ರೆಸಿಡೆಂಟ್, ರೋಟರಿ ಕ್ಲಬ್ಬಿನ ಮಾಜಿ ಅಧ್ಯಕ್ಷ. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರಿನ ಹಿಂದೆ 'ಪಿ.ಪಿ. ರೊ.' ಎಂದು ಅಚ್ಚಾಗುತ್ತದೆ. ಹುಡುಗರು ಚುಕ್ಕಿ ಕಿತ್ತು ಪೀಪಿ ಮಾಡಿದ್ದಾರೆ. ರೋಟರಿ ವರ್ಷ ಜುಲೈ 1ಕ್ಕೆ ಹುಟ್ಟಿ ಜೂನ್ 30ಕ್ಕೆ ತೀರುತ್ತದೆ. ಅಧ್ಯಕ್ಷಗಿರಿ ಹನ್ನೆರಡೇ ತಿಂಗಳು, ಮಾಜಿಗಿರಿ ಜೀವಾವಧಿ. ಆದ್ದರಿಂದ ಯಾವುದೇ ಹಳೆಯ ಕ್ಲಬ್ಬಿನಲ್ಲಿ ಹಾಲಿ ಅಧ್ಯಕ್ಷರು ಒಬ್ಬರಿದ್ದರೆ ಮಾಜಿಗಳು ಎರಡು ಸಾಲು ಕುರ್ಚಿ ತುಂಬುವಷ್ಟಿರುತ್ತಾರೆ. ಅವರಲ್ಲಿ ಒಬ್ಬರು ಖಂಡಿತವಾಗಿ ಊರಿನ ಶಾಲೆಗಳ ಚರಿತ್ರೆಯನ್ನು ಹೆಗಲಿಗೆ ಹಾಕಿಕೊಂಡವರು. ಬೇರೆ ಊರುಗಳಲ್ಲಿ ಇದು ಹವ್ಯಾಸ. ವಿದ್ಯಾಕಾಶಿ ಎನ್ನಿಸಿಕೊಂಡ ಧಾರವಾಡದಲ್ಲಿ ಇದು ಪೂರ್ಣಾವಧಿ ಉದ್ಯೋಗ.

ಸಾಹೇಬರು ಮಾಸ್ತರರಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅವರದು ಪಠ್ಯಪುಸ್ತಕ ಮತ್ತು ಸ್ಟೇಶನರಿ ಅಂಗಡಿ. ತಂದೆಯ ಕಾಲದಿಂದ ಊರಿನ ಶಾಲೆಗಳಿಗೆ ಖಡು, ಪಾಟಿ, ಶಾಯಿ, ಹಾಜರಿ ಪುಸ್ತಕ ಉದ್ರಿ ಕೊಟ್ಟ ಮನೆತನ. ಬಾಕಿ ವಸೂಲಿಗೆ ಹೋದಲ್ಲೆಲ್ಲ ಹೆಡ್ಮಾಸ್ತರರು ಹಣ ಕೊಡುವ ಬದಲು ಚಹಾ ಕುಡಿಸಿ ಶಾಲೆಯ ಇತಿಹಾಸ ಹೇಳಿ ಕಳಿಸಿದರು. ಖಾತೆ ಪುಸ್ತಕದಲ್ಲಿ ಬಾಕಿ ಬೆಳೆದಂತೆ ತಲೆಯಲ್ಲಿ ಇಸವಿಗಳು ಬೆಳೆದವು.

ವಾರದ ಸಭೆ ಕಾಗದದ ಮೇಲೆ ಏಳೂವರೆಗೆ. ಎಂಟು ಗಂಟೆಯ ಆಚೀಚೆ ಅಧ್ಯಕ್ಷರು ಕೊರಳಿಗೆ ಕಾಲರ್ ಹಾಕಿಕೊಂಡು, ಸುತ್ತಿಗೆಯಿಂದ ಘಂಟೆ ಬಾರಿಸುತ್ತಾರೆ. ಪ್ರಾರ್ಥನೆ ಆಗುತ್ತದೆ. ಹುಟ್ಟುಹಬ್ಬದವರಿಗೂ ಮದುವೆಯ ವಾರ್ಷಿಕೋತ್ಸವದವರಿಗೂ ಗುಲಾಬಿ ಹೂ ಸಿಗುತ್ತದೆ. ತಡವಾಗಿ ಬಂದವರಿಂದ ಸಾರ್ಜೆಂಟ್ ಎಟ್ ಆರ್ಮ್ಸ್ ಎಂಬ ಭಯಂಕರ ಹೆಸರಿನ ಸಾಧು ಮನುಷ್ಯರೊಬ್ಬರು ದಂಡ ಎತ್ತುತ್ತಾರೆ. ಆಮೇಲೆ ಎಲ್ಲರೂ ಎದ್ದು ನಿಂತು ಫೋರ್ ವೇ ಟೆಸ್ಟ್ ಹೇಳುತ್ತಾರೆ: ಆಡುವ ಮಾತು ಸತ್ಯವೇ, ಎಲ್ಲರಿಗೂ ನ್ಯಾಯವೇ ಎಂದು ಸಾಗುವ ನಾಲ್ಕು ಪ್ರಶ್ನೆಗಳು. 1932ರಲ್ಲಿ ಇದನ್ನು ಬರೆದ ಹರ್ಬರ್ಟ್ ಟೇಲರ್ ಮುಳುಗುತ್ತಿದ್ದ ಅಲ್ಯುಮಿನಿಯಂ ಪಾತ್ರೆ ಕಂಪನಿಯನ್ನು ದಡ ಹತ್ತಿಸಲು ಬಂದಿದ್ದವರು. ಪೀಪಿ ಸಾಹೇಬರು ಮನಸ್ಸಿನಲ್ಲಿ ಐದನೆಯ ಪ್ರಶ್ನೆಯೊಂದನ್ನು ಸೇರಿಸಿಕೊಂಡಿದ್ದಾರೆ: ಇದು ಯಾವ ಇಸವಿಯ ಮಾತು?

ಆ ಪ್ರಶ್ನೆ ಅತಿಥಿ ಉಪನ್ಯಾಸಕರ ಮೇಲೆ ಬಂದೆರಗುತ್ತದೆ. ಅತಿಥಿ ಸಾಮಾನ್ಯವಾಗಿ ವ್ಯಕ್ತಿತ್ವ ವಿಕಸನದ ತರಬೇತುದಾರ, ಲ್ಯಾಪ್‌ಟಾಪು ತಂದಿರುತ್ತಾನೆ, ವಿಷಯ 'ನಾಳಿನ ಶಿಕ್ಷಣ'. ಪೀಠಿಕೆಗೆಂದು ಪಾಪ, "ಬ್ರಿಟಿಷರು ಬಂದು ಶಾಲೆ ತೆರೆದರು, ಅಲ್ಲಿಂದ ನಮ್ಮ ಕನ್ನಡ ಹಿಂದೆ ಬಿತ್ತು" ಎಂದುಬಿಡುತ್ತಾನೆ. ಸಭೆಯಲ್ಲಿ ನಿಟ್ಟುಸಿರು ಕೇಳಿಸುತ್ತದೆ. ಅಡುಗೆಯವನಿಗೆ ಒಲೆ ಸಣ್ಣ ಮಾಡು ಎಂದು ಕಾರ್ಯದರ್ಶಿ ಸನ್ನೆ ಮಾಡುತ್ತಾರೆ. ಪೀಪಿ ಸಾಹೇಬರು ಎದ್ದಿದ್ದಾರೆ.

"ಒಂದು ಸಣ್ಣ ತಿದ್ದುಪಡಿ ಸರ್."

ತಿದ್ದುಪಡಿಗೆ ನೀರಿನ ಜಗ್ಗು, ಉಪ್ಪಿನ ಡಬ್ಬಿ, ಚಮಚಗಳು ಬೇಕಾಗುತ್ತವೆ. ಜಗ್ಗು ಎಂದರೆ ಪುಣೆ, ಉಪ್ಪಿನ ಡಬ್ಬಿ ಧಾರವಾಡ. ಧಾರವಾಡ ಸೀಮೆ ಮುಂಬಯಿ ಇಲಾಖೆಗೆ ಸೇರಿದ್ದರಿಂದ ಸರಕಾರಿ ಶಾಲೆಗಳಲ್ಲಿ ಮರಾಠಿ ಕಲಿಸುತ್ತಿದ್ದರು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮರಾಠಿ ಓದಬೇಕಿತ್ತು. ಅದಕ್ಕೆ ಅಡ್ಡ ನಿಂತವರಲ್ಲಿ ಇಂಗ್ಲಿಷರೂ ಇದ್ದರು. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಕನ್ನಡ ಶಾಲೆಗಾಗಿ ದುಡಿದ, ಮುಂದೆ ವಿದ್ಯಾ ಇಲಾಖೆಯ ರಸೆಲ್ ಸಾಹೇಬ ಬೆನ್ನಿಗೆ ನಿಂತ. ಇಷ್ಟು ಹೇಳುವಷ್ಟರಲ್ಲಿ ಎರಡು ಚಮಚ ಖರ್ಚಾಗಿರುತ್ತವೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಬಡಿಸುವ ಸೌಟು. ಅದು ಡೆಪ್ಯೂಟಿ ಚನ್ನಬಸಪ್ಪನವರು.

ಸೌಟು ಕೈಗೆ ಬಂದ ಮೇಲೆ ಸಾಹೇಬರ ದನಿಯೇ ಬೇರೆ. ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತ ಹುಡುಗ, ಸೇತುವೆ ಕಟ್ಟಿಕೊಂಡು ಸುಖವಾಗಿರಬಹುದಾಗಿತ್ತು. ಅದನ್ನು ಬಿಟ್ಟು ಧಾರವಾಡಕ್ಕೆ ಬಂದು ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲಿಗೆ ಮುಖ್ಯಸ್ಥನಾದ; ಆಮೇಲೆ ಡೆಪ್ಯೂಟಿ ಇನ್ಸ್‌ಪೆಕ್ಟರ್ ಆಗಿ ಊರೂರು ತಿರುಗಿ ಮರಾಠಿ ಶಾಲೆಗಳ ಜಾಗದಲ್ಲಿ ಕನ್ನಡ ಶಾಲೆಗಳನ್ನು ನಿಲ್ಲಿಸಿದ. ಕನ್ನಡ ಮಾಸ್ತರರಿಲ್ಲ ಎಂದವರಿಗೆ ಮಾಸ್ತರರನ್ನು ಒದಗಿಸಿದ, ಓದಲು ಪುಸ್ತಕವೆಲ್ಲಿ ಎಂದವರಿಗಾಗಿ ಶೇಕ್ಸ್‌ಪಿಯರನ ನಗೆನಾಟಕವೊಂದನ್ನು 'ನಗದವರನ್ನು ನಗಿಸುವ ಕಥೆ'ಯನ್ನಾಗಿ ಮಾಡಿಕೊಟ್ಟ. 1881ರಲ್ಲಿ ತೀರಿಕೊಂಡಾಗ ಇನ್ನೂ ಐವತ್ತು ದಾಟಿರಲಿಲ್ಲ. ಇಲ್ಲಿ ಸಾಹೇಬರ ಕಣ್ಣು ಒದ್ದೆಯಾಗುತ್ತದೆ. ಸಭೆಯವರ ಕಣ್ಣು ಬದನೆಕಾಯಿ ಎಣ್ಣಿಗಾಯಿ ಇಟ್ಟಿರುವ ಮೇಜಿನ ಕಡೆ.

ಕ್ಲಬ್ಬಿನ ಭಾಷೆಯಲ್ಲಿ ಊಟಕ್ಕೆ 'ಫೆಲೋಶಿಪ್' ಎನ್ನುತ್ತಾರೆ. ಸಾಹೇಬರು ಫೆಲೋಶಿಪ್ಪನ್ನು ಕೂಡ ಚರಿತ್ರೆಯಿಲ್ಲದೆ ಮುಗಿಸಲಾರರು. ಹಳ್ಳಿಯಿಂದ ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರ ಹಚ್ಚಿಕೊಂಡು ಉಂಡು ಓದಿದ್ದು, ಅದೂ ಸಿಗದವರಿಗೆ ಮುರುಘಾಮಠದ ಪ್ರಸಾದನಿಲಯ ಬಾಗಿಲು ತೆರೆದಿದ್ದು, ಅಲ್ಲಿ ಉಂಡವರು ದೊಡ್ಡ ದೊಡ್ಡ ಹುದ್ದೆಗೆ ಏರಿದ್ದು ಎಲ್ಲ ಹೊರಬರುತ್ತದೆ. "ನಾವೂ ವಾರಾನ್ನದ ಹುಡುಗರs ನೋಡ್ರಿ. ಫರಕ್ ಏನಂದ್ರ, ಅವರು ಉಂಡು ಓದಿದರು. ನಾವು ಉಂಡು ಮನಿಗೆ ಹೋಗ್ತೇವಿ." ಎರಡನೆಯ ಸಲ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ ಖಜಾಂಚಿಯ ಕೈ ಒಂದು ಕ್ಷಣ ನಿಂತು, ಆಮೇಲೆ ಮುಂದುವರಿಯುತ್ತದೆ.

ರೋಟರಿಯ ಬಗ್ಗೆ ಅವರ ಅಭಿಮಾನ ದೊಡ್ಡದು, ಆದರೆ ಊರಿನ ಮುಂದೆ ಅಲ್ಲ. ಪಾಲ್ ಹ್ಯಾರಿಸ್ ಎಂಬ ವಕೀಲ ಶಿಕಾಗೋದಲ್ಲಿ ಮೂವರು ಸ್ನೇಹಿತರನ್ನು ಕಟ್ಟಿಕೊಂಡು ಮೊದಲ ಸಭೆ ಮಾಡಿದ್ದು 1905ರ ಫೆಬ್ರವರಿ 23ರಂದು. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು, ಅದಕ್ಕೇ ಆ ಹೆಸರು. ಹೊಸ ಸದಸ್ಯರಿಗೆ ಇದನ್ನು ಹೇಳಿಕೊಡುವ ಪೀಪಿ ಸಾಹೇಬರು ಕೂಡಲೇ, ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪಿಸಿದ್ದು 1890ರ ಜುಲೈ 20ರಂದು ಎಂದು ಜೋಡಿಸುತ್ತಾರೆ. "ಅಂದ್ರ ಶಿಕಾಗೋದವರು ನಮ್ಮಕಿಂತ ಹದಿನಾಲ್ಕೂವರಿ ವರ್ಷ ಸಣ್ಣವರು. ಅವರು ಮೊದಲ ಸಭೆ ಕೂಡೋ ಹೊತ್ತಿಗೆ ನಮ್ಮ ಸಂಘದ 'ವಾಗ್ಭೂಷಣ' ಪತ್ರಿಕಾ ಸುರುವಾಗಿ ಒಂಬತ್ತು ವರ್ಷ ಆಗಿತ್ತು." ಜಿಲ್ಲಾ ಗವರ್ನರ್ ಭೇಟಿಯ ದಿನವೂ ಇದನ್ನು ಹೇಳುತ್ತಾರೆ. ಗವರ್ನರ್ ತಲೆ ಅಲ್ಲಾಡಿಸುತ್ತಾರೆ. ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ.

ಬೆಳಗಾವಿಯಲ್ಲಿ ಓದಿ ಬಂದ ಸದಸ್ಯರಿಗೆ ಇನ್ನೊಂದು ಕಂಟಕವಿದೆ. ಅಲ್ಲಿಯ ಜಿ.ಎ. ಹೈಸ್ಕೂಲಿನಲ್ಲಿ ಕಲಿತೆವೆಂದು ಎದೆ ಉಬ್ಬಿಸಿದರೆ, ಜಿ ಯಾರು, ಎ ಯಾರು ಎಂಬ ಪ್ರಶ್ನೆ ಬರುತ್ತದೆ. ಒಬ್ಬ ಹಲ್ಲಿನ ವೈದ್ಯರು 'ಜನರಲ್ ಅಕಾಡೆಮಿ' ಎಂದು ಉತ್ತರಿಸಿ ತಿಂಗಳುಗಟ್ಟಲೆ ಅನುಭವಿಸಿದರು. ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ! ಏಳು ಜನ ಶಿಕ್ಷಣಪ್ರೇಮಿಗಳು 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿ ತೆರೆದ ಶಾಲೆ ಈ ಇಬ್ಬರು ಹಿರಿಯರ ಹೆಸರು ಹೊತ್ತಿದೆ. ಅದೇ ಬಿಸಿಯಲ್ಲಿ ಸಾಹೇಬರು ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟುಹೋದ ಶಿರಸಂಗಿ ಲಿಂಗರಾಜರಿಗೂ, 1933ರಲ್ಲಿ ಅವರ ಹೆಸರಿನಲ್ಲಿ ಶುರುವಾದ ಕಾಲೇಜಿಗೂ ಹೋಗಿ ಬರುತ್ತಾರೆ. "ಅವರು ಇಡೀ ಸಂಸ್ಥಾನ ಕೊಟ್ಟರು. ಫ್ಲೆಕ್ಸ್ ಹಚ್ಚಲಿಲ್ಲ" ಎನ್ನುವಾಗ ದೃಷ್ಟಿ ಹಾಲಿ ಅಧ್ಯಕ್ಷರ ಮೇಲೆ ನೆಟ್ಟಿರುತ್ತದೆ.

ಹಾಲಿ ಅಧ್ಯಕ್ಷರಿಗೆ ನೋವಾಗುವುದು ಸಹಜ. ಕಳೆದ ವಾರವಷ್ಟೇ ಶಾಲೆಯೊಂದಕ್ಕೆ ಹತ್ತು ಡೆಸ್ಕು ಕೊಟ್ಟು ಅಷ್ಟೇ ಅಗಲದ ಫ್ಲೆಕ್ಸ್ ಕಟ್ಟಿಸಿದ್ದಾರೆ. ಫೋಟೋದಲ್ಲಿ ಡೆಸ್ಕು ಕಾಣುವುದಿಲ್ಲ, ಮಕ್ಕಳು ಅಂಚಿನಲ್ಲಿ ಅರ್ಧರ್ಧ ಕಾಣುತ್ತಾರೆ. ಆದರೆ ಅಧ್ಯಕ್ಷರಿಗೂ ಒಂದು ಗುಟ್ಟು ಗೊತ್ತು. ಪೀಪಿ ಸಾಹೇಬರು ತಮ್ಮ ವರ್ಷದಲ್ಲಿ ಅದೇ ಶಾಲೆಗೆ ಕೊಟ್ಟ ನೀರಿನ ಟಾಕಿಯ ಮೇಲೆ ಅವರ ಹೆಸರಿದೆ, ಮತ್ತು ಎರಡು ಮಳೆಗಾಲಕ್ಕೊಮ್ಮೆ ಪೇಂಟರನನ್ನು ಕರೆದುಕೊಂಡು ಹೋಗಿ ತಮ್ಮ ಖರ್ಚಿನಲ್ಲೇ ಅದನ್ನು ತಿದ್ದಿಸುತ್ತಾರೆ. ಕೇಳಿದರೆ, "ಇತಿಹಾಸಕ್ಕ ದಾಖಲೆ ಬೇಕಲ್ರೀ" ಎನ್ನುತ್ತಾರೆ.

ಹೀಗಿದ್ದೂ ಯೋಜನೆ ಆರಿಸುವ ಸಭೆಗೆ ಅವರು ಬೇಕೇ ಬೇಕು. ಯಾವ ಶಾಲೆಯ ಯಾವ ಕೋಣೆ ಸೋರುತ್ತದೆ, ಎಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿದ್ದೂ ನೀರಿಲ್ಲ ಎಂಬುದು ಅವರಷ್ಟು ಯಾರಿಗೂ ಗೊತ್ತಿಲ್ಲ; ಉಳಿದವರು ಉದ್ಘಾಟನೆಯ ದಿನ ನೋಡಿದ್ದೇ ಕಡೆ. ಒಮ್ಮೆ ತರುಣ ಸದಸ್ಯನೊಬ್ಬ, "ಶೌಚಾಲಯ ಬೇಡ್ರಿ ಸರ್, ಸ್ಮಾರ್ಟ್ ಬೋರ್ಡ್ ಕೊಡೋಣ, ಇಮೇಜ್ ಚಲೋ ಇರ್ತದ" ಎಂದ. ಸಾಹೇಬರು ಸಂತೋಷದಿಂದ ಕುರ್ಚಿ ಸರಿಸಿದರು. ಶಿಕಾಗೋದವರು 1907ರಲ್ಲಿ ಕೈಗೆತ್ತಿಕೊಂಡ ಮೊಟ್ಟಮೊದಲ ಸೇವಾಕಾರ್ಯ ಸಾರ್ವಜನಿಕ ಶೌಚಾಲಯವೇ ಎಂದು ತಿಳಿದ ಮೇಲೆ ತರುಣ ಕುಳಿತುಕೊಂಡ. ಬಾಗಿಲ ಜೊತೆಗೆ ನೀರೂ ಬಂತು. ಟೇಪು ಕತ್ತರಿಸಿದ ಮೇಲೆ ಮೊದಲು ಒಳಗೆ ಹೋಗುವವರು ಯಾರು ಎಂಬ ತೊಡಕು ಮಾತ್ರ ಬಗೆಹರಿಯಲಿಲ್ಲ.

2016ರಲ್ಲಿ ರೋಟರಿಯ ಮೇಲಿನವರು ವಾರವಾರ ಸೇರಲೇಬೇಕೆಂಬ ಕಟ್ಟು ಸಡಿಲಿಸಿ, ತಿಂಗಳಿಗೆ ಎರಡು ಸಭೆಯಾದರೂ ಸಾಕು ಎಂದರು. ಆ ಪತ್ರವನ್ನು ಓದಿದ ದಿನ ಚಪ್ಪಾಳೆ ಬಿತ್ತು. ಪೀಪಿ ಸಾಹೇಬರೊಬ್ಬರೇ ವಿರೋಧಿಸಿದರು. ತಿಂಗಳಿಗೆ ಎರಡೇ ಸಭೆಯಾದರೆ ಚನ್ನಬಸಪ್ಪನವರಿಂದ ಪಾವಟೆಯವರ ತನಕ ಬರುವುದು ಯಾವಾಗ? ಡಿ.ಸಿ. ಪಾವಟೆ, ಕೇಂಬ್ರಿಜ್ಜಿನ ರ‍್ಯಾಂಗ್ಲರ್, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲ! ಅದಕ್ಕೂ ಮೊದಲು ಆ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ, ಧಾರವಾಡಕ್ಕೆ ಬಂದಿದ್ದು ಮರುವರ್ಷ. ಹೇಳುವುದು ಎಷ್ಟು ಬಾಕಿ ಇದೆ!

ಕಾರ್ಯದರ್ಶಿಗಳು ಉಪಾಯ ಮಾಡಿದರು. ಬಾಯಿಂದ ಹೇಳುವ ಬದಲು ಕ್ಲಬ್ಬಿನ ಬುಲೆಟಿನ್‌ನಲ್ಲಿ ಬರೆಯಿರಿ ಎಂದರು. ಸಾಹೇಬರು ಐಗಳ ಮಠ, ಮರಳ ಮೇಲೆ ಅಕ್ಷರ ತಿದ್ದಿಸುವುದು, ಬಾಸೆಲ್ ಮಿಶನ್ನಿನವರು ಬಂದಿದ್ದು ಎಂದು ವಿಸ್ತಾರವಾಗಿ ಆರಂಭಿಸಿದರು. ಚನ್ನಬಸಪ್ಪನವರು ಪುಣೆಯಿಂದ ಹೊರಡುವ ಕಂತು ಮುಗಿದು 'ಮುಂದುವರಿಯುವುದು' ಎಂದು ಅಚ್ಚಾಗುವಷ್ಟರಲ್ಲಿ ಜೂನ್ 30 ಬಂತು. ಹೊಸ ವರ್ಷಕ್ಕೆ ಹೊಸ ಸಂಪಾದಕ. ಅವರ ಬಳಿ ಹಳೆಯ ಸಂಚಿಕೆಗಳಿಲ್ಲ. "ಮೊದಲಿಂದ ಸುರು ಮಾಡ್ರಿ ಸರ್" ಎಂದರು. ಅದರ ಮುಂದಿನ ಸಂಪಾದಕರೂ ಅದನ್ನೇ ಎಂದರು. ಹೀಗಾಗಿ ಚನ್ನಬಸಪ್ಪನವರು ವರ್ಷವರ್ಷವೂ ಜೂನ್‌ನಲ್ಲಿ ಪುಣೆ ಬಿಡುತ್ತಾರೆ, ಧಾರವಾಡ ಮುಟ್ಟುವುದಿಲ್ಲ.

ಈ ಜುಲೈಯಲ್ಲಿ ಬಂದ ಸಂಪಾದಕಿ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಚಾರ್ಟರ್ಡ್ ಅಕೌಂಟೆಂಟ್. "ಕಾಕಾ, ಈ ಸಲ ಉಲ್ಟಾ ಬರೀರಿ. ಐಐಟಿಯಿಂದ ಹಿಂದಕ್ಕ ಬರ‍್ರಿ. ಸಣ್ಣದಾಗಿ, ಒಂದs ಪುಟ" ಎಂದಳು. ಸಾಹೇಬರು ಇದನ್ನು ಯೋಚಿಸಿರಲಿಲ್ಲ. ಮುಖ ಅರಳಿತು. "ಖರೇನs ಛಲೋ ಹೇಳಿದಿ ನೋಡವಾ. 2016ರಾಗ ಐಐಟಿ ಸುರುವಾಗಿದ್ದು ಸ್ವಂತ ಜಾಗಾದಾಗ ಅಲ್ಲ, ನೀರು-ನೆಲ ನಿರ್ವಹಣಾ ಸಂಸ್ಥೆ ವಾಲ್ಮಿಯವರ ಕಟ್ಟಡದಾಗ. ಕರ್ನಾಟಕ ಕಾಲೇಜಿಂದೂ ಅದs ಕಥಿ. ಸದರ್ನ್ ಮರಾಠಾ ರೈಲ್ವೆ ಕಚೇರಿ ಇತ್ತಲ್ಲ, ಆ ಕಂಪನಿ 1908ರಾಗ ಮದ್ರಾಸ್ ರೈಲ್ವೆ ಕೂಡ ಒಂದಾತು, ಕಚೇರಿ ಮದ್ರಾಸಿಗೆ ಹೋತು, ಕಟ್ಟಡ ಖಾಲಿ ಬಿತ್ತು. 1917ರಾಗ ಸುರುವಾದ ಕಾಲೇಜ್ ಆ ಕಟ್ಟಡಕ್ಕ ಬಂತು. ಆದರ ಕಾಲೇಜ್ ಬರೂಕಿಂತ ಮೊದಲು ನಮ್ಮ ಹುಡುಗರು ಡಿಗ್ರಿಗೆ ಎಲ್ಲಿ ಹೋಗ್ತಿದ್ದರು? ಪುಣೆಕ್ಕ! ಪುಣೆ ಅಂದ್ರ…"

ಅವರ ಕೈ ನೀರಿನ ಜಗ್ಗಿನ ಕಡೆಗೆ ಚಾಚಿತು. ಸಂಪಾದಕಿ ಅದನ್ನು ಆಗಲೇ ಪಕ್ಕದ ಮೇಜಿಗೆ ಸರಿಸಿದ್ದಳು.