ಮೂರನೆಯ ಬೋರು

ಬೋರನಕಣಿವೆಯಲ್ಲಿ ಬೋರುಗಳು ಮೂರು. ತೋಟಕ್ಕೊಂದು ಕೊಳವೆಬಾವಿಯ ಬೋರು, ಮಿಲ್ಟ್ರಿ ಮಾವನ ಕೋವಿಯ 12 ಬೋರು, ಸಂಜೆ ಕಟ್ಟೆ ಮೇಲೆ ಕೂತು ಅದೇ ಮಾವ ಹೊಡೆಯುವ ಬೋರು. ಸುವರ್ಣಮುಖಿ ನದಿಗೆ ಮೈಸೂರರಸರ ಕಾಲದಲ್ಲಿ ಕಟ್ಟಿದ ಜಲಾಶಯ ಕೋಡಿ ಬೀಳುವುದು ಅಪರೂಪ. ಮೂರನೆಯ ಬೋರು ಮಾತ್ರ ಬತ್ತಿದ್ದೇ ಇಲ್ಲ.

ಸೈನ್ಯದಲ್ಲಿ ಮಾವನ ಕೈಲಿದ್ದದ್ದು 7.62 ಎಂ.ಎಂ. ಎಸ್‌ಎಲ್‌ಆರ್. 20 ಗುಂಡಿನ ಮ್ಯಾಗಜಿನ್. ಪ್ರತಿ ಗುಂಡಿಗೂ ಕುದುರೆ ನಾವೇ ಎಳೆಯಬೇಕು. ಮುಂದಿನ ಗುಂಡನ್ನು ಮಾತ್ರ ಸಿಡಿದ ಗ್ಯಾಸಿನ ಒತ್ತಡದಲ್ಲಿ ಅದೇ ತುಂಬಿಕೊಳ್ಳುತ್ತದೆ. ಆ ಗ್ಯಾಸಿನ ಮಸಿ ಪಿಸ್ಟನ್ನಿಗೆ ಮೆತ್ತಿದರೆ ಬಂದೂಕು ಮುನಿಸಿಕೊಂಡ ಎತ್ತಿನ ಹಾಗೆ ನಿಂತುಬಿಡುತ್ತದೆ. 1990ರ ದಶಕದ ಕೊನೆಗೆ ಇನ್ಸಾಸ್ ರೈಫಲ್ ಬಂತು, ಮಾವ ಪಿಂಚಣಿಗೆ ಬಂದರು. ಎಸ್‌ಎಲ್‌ಆರ್ ಕೋತ್‌ನಲ್ಲೇ, ಅಂದರೆ ಸೈನ್ಯದ ಆಯುಧಕೋಣೆಯಲ್ಲೇ, ಉಳಿಯಿತು. ಅದನ್ನು ಒರೆಸುವ ಚಟ ರೈಲು ಹತ್ತಿ ತಿಪಟೂರಿನಲ್ಲಿ ಇಳಿಯಿತು.

ಅಂಥ ರೈಫಲ್ಲಿಗೆ ಊರವರಿಗೆ ಪರವಾನಗಿ ಸಿಗುವುದಿಲ್ಲ. ಸಿಕ್ಕಿದ್ದು ಬೆಳೆ ಕಾಯಲೆಂದು ಒಂಟಿ ನಳಿಗೆಯ ಕೋವಿ. ಚಟಕ್ಕೆ ಅಷ್ಟೇ ಸಾಕು.

ಭಾನುವಾರ ಬೆಳಗ್ಗೆ ಜಗಲಿಯಲ್ಲಿ ಗೋಣಿಚೀಲ ಹಾಸಿ ಕೋವಿ ಬಿಚ್ಚುತ್ತಾರೆ. ಮೊದಲು ಒಳಗೆ ತೋಟಾ ಇಲ್ಲವೆಂದು ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ಖಾತ್ರಿ. ಆಮೇಲೆ ಪುಲ್‌ಥ್ರೂ ಹಗ್ಗದ ಕುಣಿಕೆಗೆ ಚಿಂದಿ ಸಿಕ್ಕಿಸಿ ನಳಿಗೆಯ ಹಿಂದಿನಿಂದ ಇಳಿಬಿಟ್ಟು ಅದರ ಬಾಯಿಯ ಕಡೆಯಿಂದ ಒಂದೇ ಎಳೆತ. ನಡುವೆ ನಿಲ್ಲಿಸಬಾರದು, ಹಗ್ಗ ಬಾಯಿಯ ಅಂಚಿಗೆ ಉಜ್ಜಬಾರದು. ಒಣ ಚಿಂದಿ, ಎಣ್ಣೆ ಚಿಂದಿ, ಮತ್ತೆ ಒಣ ಚಿಂದಿ. ಕೊನೆಗೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವಾಗ ಮಾವನ ಮುಖದಲ್ಲಿ ಮೊಮ್ಮಗನನ್ನು ಕಂಡಷ್ಟು ಸಂತೋಷ. ಸೈನ್ಯದ ಚಿಂದಿ ನಾಲ್ಕಿಂಚು ಉದ್ದ, ಎರಡಿಂಚು ಅಗಲ. ಅತ್ತೆಯ ಲೆಕ್ಕದಲ್ಲಿ ಒಂದು ಬನಿಯನ್.

ಕೋತಿಗಳಿಗೂ ಈ ವೇಳಾಪಟ್ಟಿ ಬಾಯಿಪಾಠ.

"ಏನ್ರೀ, ಕೋತಿ ಬಂದವೆ! ಎಳ್ನೀರೆಲ್ಲ ಕಿತ್ತಾಕ್ತಾವೆ!"

"ತಡಿಯೇ, ಇನ್ನೂ ಎಣ್ಣೆ ಹಚ್ಚಿಲ್ಲ."

ಪಕ್ಕದ ಮನೆ ಹುಡುಗ ಒಮ್ಮೆ ಕೇಳಿದ: "ಮಾವ, ಅಟ್ಟದ ತುಂಬ ಕೊಬ್ರಿ ಮಡಿಕ್ಕಂಡು ಎಣ್ಣೆ ಯಾಕೆ ದುಡ್ಡು ಕೊಟ್ಟು ತರ್ತೀರಾ?"

"ಲೋ, ಧನುರ್ಮಾಸದಲ್ಲಿ ಕೊಬ್ರಿ ಎಣ್ಣೆ ಬಾಟ್ಲಲ್ಲೇ ಗಟ್ಟಿಯಾಗುತ್ತೆ. ಲಡಾಖ್‌ನಲ್ಲಿ ಅದನ್ನ ಹಚ್ಚಿದ್ರೆ, ಶತ್ರು ಬಂದಾಗ ಮೊದಲು ಬಂದೂಕನ್ನ ಒಲೆ ಮೇಲಿಡ್ಬೇಕು!"

ಚುನಾವಣೆ ಘೋಷಣೆಯಾದರೆ ಮಾವನಿಗೆ ಸೂತಕ. ಕೋವಿಯನ್ನು ಠಾಣೆಗೆ ಒಪ್ಪಿಸಬೇಕಲ್ಲ. ವಾರಕ್ಕೊಮ್ಮೆ ಎಣ್ಣೆ ಬಾಟಲಿ ಹಿಡಿದು, ಆಸ್ಪತ್ರೆ ಸೇರಿದ ನೆಂಟರನ್ನು ನೋಡುವವರಂತೆ ಹೋಗಿ ಬರುತ್ತಾರೆ. ಅಷ್ಟು ದಿನ ಚಿಂದಿಗೆ ಕೆಲಸ ಬೇಕಲ್ಲ: ಮಚ್ಚು, ಕುಡುಗೋಲು, ಮೋಟಾರು, ಸ್ಟಾರ್ಟರ್, ಡ್ರಿಪ್ ಫಿಲ್ಟರ್ ಎಲ್ಲಕ್ಕೂ ಪರೇಡ್. ಊರವರು ಆಡಿಕೊಂಡು ನಗುತ್ತಾರೆ. ಬೇಸಿಗೆಯಲ್ಲಿ ಅವರ ಸ್ಟಾರ್ಟರ್ ಸುಟ್ಟ ದಿನ ಸ್ಪ್ಯಾನರ್ ಕೇಳಲು ಬರುವುದೂ ಇದೇ ಜಗಲಿಗೆ.

ಮಾವನ ಕೋವಿಯಿಂದ ಈವರೆಗೆ ಒಂದು ಗುಂಡೂ ಹಾರಿಲ್ಲ. ಮಾವನ ಮೋಟಾರು ಈವರೆಗೆ ಒಂದು ದಿನವೂ ಕೈಕೊಟ್ಟಿಲ್ಲ.