ದೋಣಿಯ ತೂಕ, ವ್ಯಾನಿನ ಸೊಂಟ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ನಮ್ಮವರು ಅಲ್ಲಿ ಮನೆ ಕೊಳ್ಳುತ್ತಾರೆ, ಕುಂಡದ ಕರಿಬೇವನ್ನು ಚಳಿಗೆ ಸಾಯದಂತೆ ಒಳಗಿಟ್ಟು ಸಾಕುತ್ತಾರೆ, ಸಾಧಿಸಲು ಇನ್ನೇನೂ ಬಾಕಿಯಿಲ್ಲ ಎನಿಸಿದ ವರ್ಷ ಸೆಕೆಂಡ್ ಹ್ಯಾಂಡ್ ಸ್ಪೀಡ್‌ಬೋಟ್ ಹುಡುಕಲು ಹೊರಡುತ್ತಾರೆ. ಮನೆ ಮುಂದೆ ನಿಂತಿರುವುದು ಟೊಯೋಟ ಸಿಯೆನಾ. ಮಕ್ಕಳನ್ನು ಈಜು ತರಗತಿಗೂ ಊರಿಂದ ಬಂದ ಅಪ್ಪ-ಅಮ್ಮನನ್ನು ದೇವಸ್ಥಾನಕ್ಕೂ ಕರೆದೊಯ್ಯಲು ಕೊಂಡ ವ್ಯಾನು. ಅದು ಎಳೆಯಬಲ್ಲ ಗರಿಷ್ಠ ಭಾರ 3,500 ಪೌಂಡ್. ಈ ಸಂಖ್ಯೆ ಕಣ್ಣಿಗೆ ಬಿದ್ದ ದಿನವೇ ಯಜಮಾನರ ವಿವೇಕಕ್ಕೆ ಗ್ರಹಣ ಹಿಡಿಯುತ್ತದೆ.

ಇಪ್ಪತ್ತು ವರ್ಷ ಹಳೆಯದಾದ, ಹದಿನೆಂಟು ಅಡಿಯ ಒಂದು ದೋಣಿ ಸಿಗುತ್ತದೆ ಎನ್ನಿ. ಕಂಪನಿಯ ಕರಪತ್ರದ ಪ್ರಕಾರ ತೂಕ 2,400 ಪೌಂಡ್. ಈ 'ಡ್ರೈ ವೇಯ್ಟ್' ಮದುವೆ ದಲ್ಲಾಳಿ ಹೇಳುವ ಹುಡುಗನ ವಯಸ್ಸಿದ್ದಂತೆ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. ಟ್ರೈಲರ್ ಎಂಬುದೊಂದಿದೆಯಲ್ಲ, ಅದು 700. ಇಪ್ಪತ್ತೈದು ಗ್ಯಾಲನ್ ಪೆಟ್ರೋಲು, ಗ್ಯಾಲನ್ನಿಗೆ ಆರು ಪೌಂಡ್ ಹಿಡಿದರೆ 150. ಬ್ಯಾಟರಿ, ಲಂಗರು, ಹಗ್ಗ, ಲೈಫ್ ಜಾಕೆಟ್ಟು, ಐಸ್ ಡಬ್ಬ ಸೇರಿ ಇನ್ನೊಂದು 250. ಕೂಡಿಸಿ: ಸರಿಯಾಗಿ 3,500! ಯಜಮಾನರಿಗೆ ಇದು ದೈವಸಂಕಲ್ಪದಂತೆ ಕಾಣುತ್ತದೆ. ಪುಳಿಯೋಗರೆ ಡಬ್ಬಿ ಒಂದನ್ನು ದೋಣಿಯಲ್ಲಿಟ್ಟರೂ ಲೆಕ್ಕ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ, ಅವರು ಹೊಟ್ಟೆಕಿಚ್ಚಿನವರು.

"ರೀ, ಹಿಂದಿನ ಸೀಟಲ್ಲಿ ಅತ್ತೆ-ಮಾವ ಕೂರ್ತಾರಲ್ಲ, ಅವರ ತೂಕ ಸೇರಿಸಿದ್ರಾ?"

"ಅವರು ವ್ಯಾನಿನೊಳಗೆ ಕೂರೋದು ಕಣೇ. ದೋಣೀಲಲ್ಲ."

ಹೆಂಡತಿಯ ಮಾತೇ ಸರಿ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ: ಜನ ಮತ್ತು ಸಾಮಾನು ಸೇರಿ ಇಷ್ಟೇ ಪೌಂಡ್, ಇದನ್ನು ಮೀರಬಾರದು. ಟ್ರೈಲರಿನ ಮೂತಿ ವ್ಯಾನಿನ ಬೆನ್ನ ಮೇಲೆ ಒತ್ತುವ ಭಾರ, ಒಟ್ಟು ತೂಕದ ಹತ್ತನೇ ಒಂದು ಪಾಲಾದರೂ ಇರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಆಡಿಸುತ್ತದೆ. ಅಲ್ಲಿಗೆ ಆ 350 ಪೌಂಡೂ ಸ್ಟಿಕ್ಕರಿನ ಲೆಕ್ಕಕ್ಕೇ ಬಂತು. ಅಂದರೆ ದೋಣಿ ಬರಬೇಕು ಅಥವಾ ಮಾವ ಬರಬೇಕು.

ಇಷ್ಟೆಲ್ಲ ದೋಣಿ ಒಣಗಿದ್ದರೆ ಮಾತ್ರ. ಹಳೆಯ ಫೈಬರ್‌ಗ್ಲಾಸ್ ದೋಣಿಗಳ ಒಡಲಲ್ಲಿ ಪ್ಲೈವುಡ್ಡೂ ತೇಲಿಸುವ ಫೋಮೂ ಇರುತ್ತವೆ. ಎಲ್ಲೋ ಒಂದು ಸ್ಕ್ರೂ ತೂತಿನಿಂದ ನೀರಿಳಿದು ವರ್ಷಗಟ್ಟಲೆ ಕೂತರೆ ಪ್ಲೈವುಡ್ ಕೊಳೆಯುತ್ತದೆ, ಫೋಮ್ ನೀರು ಕುಡಿದು ನೂರಾರು ಪೌಂಡ್ ದಪ್ಪಗಾಗುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ದೋಣಿಯ ಹಿಂಗೋಡೆಯನ್ನು ಕುಟ್ಟಿ ನೋಡಿ: ಗಟ್ಟಿ ಮರವಾದರೆ ಟಣ್ ಎನ್ನುತ್ತದೆ, ಕೊಳೆತದ್ದಾದರೆ ದೊಬ್ ಎನ್ನುತ್ತದೆ. ದೊಬ್ ಎಂದ ಕಡೆ ಮಾರುವವನು ತಪ್ಪದೆ ಸಂಗೀತ ವ್ಯವಸ್ಥೆಯ ಬಗ್ಗೆ ಮಾತೆತ್ತುತ್ತಾನೆ. ನಾಲ್ಕು ಸ್ಪೀಕರ್, ಬ್ಲೂಟೂತ್, ನೀಲಿ ದೀಪ. ಎಂಜಿನ್ ಹೇಗಿದೆ ಎಂದರೆ "ನಿಲ್ಲಿಸಿದಾಗ ಓಡ್ತಿತ್ತು." ನಿಲ್ಲಿಸಿದ್ದು ಯಾವಾಗ? ಮಿನೆಸೋಟದ ಚಳಿಗೆ ಮುಂಚೆ ನೀರು ಪೂರ್ತಿ ಬಸಿಯದಿದ್ದರೆ ಅದು ಒಳಗೇ ಹೆಪ್ಪುಗಟ್ಟಿ ಎಂಜಿನ್ ಬ್ಲಾಕನ್ನು ಸೀಳುತ್ತದೆ.

ಟ್ರೈಲರಿನ ಟೈರು ಹೊಸದರಂತೆ ಕಪ್ಪಗೆ ಹೊಳೆಯುತ್ತಿರುತ್ತದೆ. ಬಗ್ಗಿ ನೋಡಿ, ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆಯಿರುತ್ತದೆ. 2311 ಅಂದರೆ 2011ರ ಇಪ್ಪತ್ತಮೂರನೇ ವಾರ ಹುಟ್ಟಿದ್ದು. ಹೊಳಪು ಪಾಲಿಶ್‌ನದು.

ಇನ್ನು ದೋಣಿ ನೀರಿಗಿಳಿಸುವ ಇಳಿಜಾರು. ಇಳಿಸುವುದೇನೋ ಆದೀತು, ಎಳೆದು ಮೇಲಕ್ಕೆ ತರುವಾಗ ಭಾರವೆಲ್ಲ ಹಿಂದೆ ಜಗ್ಗುತ್ತದೆ. ಮುಂದಿನ ಚಕ್ರದಿಂದ ಎಳೆಯುವ ವ್ಯಾನಾದರೆ ಆ ಚಕ್ರಗಳೇ ಹಗುರವಾಗಿ ಪಾಚಿಯ ಮೇಲೆ ಗಿರಗಿರನೆ ತಿರುಗುತ್ತವೆ. ಹಿಂದೆ ಸರತಿಯಲ್ಲಿ ಎಂಟು ಪಿಕಪ್ ಟ್ರಕ್ಕುಗಳು ನಿಂತಿರುತ್ತವೆ. ಅವುಗಳ ಮಾಲೀಕರು ಬಹಳ ಸಭ್ಯರು. ಏನೂ ಹೇಳುವುದಿಲ್ಲ, ಬರೀ ವೀಡಿಯೊ ಮಾಡುತ್ತಾರೆ.

ಅಂದು ರಾತ್ರಿ ಯಜಮಾನರು ಪಿಕಪ್ ಟ್ರಕ್ಕಿನ ಸಾಲದ ಕಂತು ಲೆಕ್ಕ ಹಾಕುತ್ತಾರೆ. ಏಳು ಸಾವಿರ ಡಾಲರಿನ ದೋಣಿ ಎಳೆಯಲು ಐವತ್ತು ಸಾವಿರದ ಟ್ರಕ್. ಅಗ್ಗಕ್ಕೆ ಸಿಕ್ಕಿತೆಂದು ಊರಿಗೆಲ್ಲ ಫೋನ್ ಮಾಡಿ ಹೇಳಿದ್ದು ಈ ದೋಣಿಯನ್ನೇ. ಕೆರೆ ನವೆಂಬರಿನಿಂದ ಏಪ್ರಿಲ್‌ವರೆಗೆ ಮಂಜುಗಡ್ಡೆ. ಆಗ ಟ್ರಕ್ಕು ಹಾಲು, ಬ್ರೆಡ್ಡು ತರಲು ಹೋಗುತ್ತದೆ.

ಕೊಳ್ಳಲೇಬೇಕೆಂದಿದ್ದರೆ, ದುಡ್ಡು ಕೊಡುವ ಮೊದಲು ಮಾರುವವನ ಗಾಡಿಯಿಂದಲೇ ಎಳೆಸಿ ಲಾರಿಗಳನ್ನು ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ. ಕೆಲವೇ ಡಾಲರಿನ ಖರ್ಚು. ಅವನು ಒಪ್ಪದಿದ್ದರೆ ಕೈಮುಗಿದು ವಾಪಸ್ ಬನ್ನಿ. ಒಪ್ಪಿ, ತಕ್ಕಡಿ 3,000 ದಾಟಿದರೂ ಬನ್ನಿ. ಸಿಯೆನಾ ಇದ್ದವರಿಗೆ ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿ ಸಾಕು. ಮಾವನವರೂ ಬರಬಹುದು.