ಗಣಕನಾದಮೀಮಾಂಸೆ: ಗೃಹಶ್ರವಣಶಾಸ್ತ್ರಕ್ಕೊಂದು ಪೀಠಿಕೆ

ಯಾವುದೇ ಶಾಸ್ತ್ರಗ್ರಂಥದ ಆರಂಭದಲ್ಲಿ ಅದರ ವಿಷಯವೇನು, ಅದನ್ನು ಓದಲು ಅಧಿಕಾರಿ ಯಾರು, ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧ ಎಂಥದು, ಓದಿದವನಿಗೆ ದಕ್ಕುವ ಪ್ರಯೋಜನವೇನು ಎಂಬ ನಾಲ್ಕನ್ನು ಮೊದಲೇ ಸ್ಪಷ್ಟಪಡಿಸುವುದು ಪ್ರಾಚೀನರ ಪದ್ಧತಿ. ಇದಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಮನೆಯ ಕಂಪ್ಯೂಟರನ್ನು ಸಂಗೀತದ ಭಂಡಾರಿಯನ್ನಾಗಿ ನೇಮಿಸಿ, ಅದರ ಮೂಲಕ ಅತ್ಯುಚ್ಚ ರೆಸೊಲ್ಯೂಷನ್ನಿನ ಧ್ವನಿಯನ್ನು ಆಲಿಸುವ ಕ್ರಮವನ್ನು ಕುರಿತ ಗಣಕನಾದಮೀಮಾಂಸೆಯು ಇಂಥ ಪೀಠಿಕೆಯೇ ಇಲ್ಲದೆ ಬೆಳೆದುಬಿಟ್ಟದ್ದರಿಂದ, ಅದರ ಅನುಯಾಯಿಗಳು ಒಬ್ಬರನ್ನೊಬ್ಬರು ಕಿವುಡರೆಂದು ಕರೆಯುವ ಪರಿಸ್ಥಿತಿ ಒದಗಿದೆ. ಆ ಕೊರತೆಯನ್ನು ನೀಗುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ವಿಷಯವು ಅಂಕೀಕೃತ ಧ್ವನಿ. ಗಾಳಿಯ ಒತ್ತಡದ ಏರಿಳಿತವನ್ನು ಸಮಾನ ಕಾಲಾಂತರದಲ್ಲಿ ಅಳೆದು, ಆ ಅಳತೆಗಳನ್ನು ಸಂಖ್ಯೆಗಳಾಗಿ ಬರೆದಿಡುವುದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು 1982ರಲ್ಲಿ ಮಾರುಕಟ್ಟೆಗೆ ತಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಒಂದೊಂದು ಅಳತೆಗೂ 16 ಬಿಟ್‌ಗಳ ಜಾಗ. ಈ 44,100ರಲ್ಲಿ ಯಾವ ನಿಗೂಢವೂ ಇಲ್ಲ. ಆ ಕಾಲದ ಡಿಜಿಟಲ್ ಧ್ವನಿಮುದ್ರಣ ವಿಡಿಯೊ ಟೇಪಿನ ಮೇಲೆ ನಡೆಯುತ್ತಿದ್ದುದರಿಂದ, ಟಿ.ವಿ. ಚಿತ್ರದ ಗೆರೆಗಳ ಲೆಕ್ಕಕ್ಕೆ ಹೊಂದಿಕೊಂಡು ಬಂದ ಸಂಖ್ಯೆ ಅದು. ಅಳೆಯುವ ವೇಗದ ಅರ್ಧಕ್ಕಿಂತ ಕೆಳಗಿರುವ ಕಂಪನಗಳನ್ನೆಲ್ಲ ಆ ಅಳತೆಗಳಿಂದಲೇ ಪೂರ್ತಿಯಾಗಿ ಮರಳಿ ಪಡೆಯಬಹುದೆಂಬುದಕ್ಕೆ ನೈಕ್ವಿಸ್ಟ್ 1928ರಲ್ಲಿ ದಾರಿ ತೋರಿದರು, ಶಾನನ್ 1949ರಲ್ಲಿ ಅದನ್ನು ಪ್ರಮೇಯವಾಗಿ ಸಾಧಿಸಿದರು. ಹಾಗಾಗಿ 20 ಕಿಲೋಹರ್ಟ್ಸ್‌ವರೆಗಿನ ನಾದವೆಲ್ಲ ಸಿ.ಡಿ.ಯಲ್ಲಿ ಅಡಕವಾಗುತ್ತದೆ, ಮನುಷ್ಯನ ಕಿವಿಯ ಎಲ್ಲೆಯೂ ಹೆಚ್ಚುಕಡಮೆ ಅಷ್ಟೆ. ಶಾಸ್ತ್ರ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದೆ 24 ಬಿಟ್‌ಗೂ, 96 ಮತ್ತು 192 ಕಿಲೋಹರ್ಟ್ಸ್‌ಗೂ, ಒಂದೇ ಬಿಟ್ಟನ್ನು ಸೆಕೆಂಡಿಗೆ 28,22,400 ಬಾರಿ ಬರೆಯುವ ಡಿಎಸ್‌ಡಿ ಎಂಬ ಪಂಥಕ್ಕೂ ಅದು ಕವಲೊಡೆದದ್ದೇ ಅದರ ಶಾಸ್ತ್ರತ್ವಕ್ಕೆ ಪರಮಸಾಕ್ಷಿ.

ಬಿಟ್‌ಗಳ ಸಂಖ್ಯೆಯು ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಧ್ವನಿಗಳ ನಡುವಣ ಅಂತರವನ್ನು ನಿರ್ಧರಿಸುತ್ತದೆ. 16 ಬಿಟ್‌ಗೆ ಸುಮಾರು 96 ಡೆಸಿಬೆಲ್, 24 ಬಿಟ್‌ಗೆ 144. ಸ್ಟುಡಿಯೊದಲ್ಲಿ 24 ಬಿಟ್‌ಗೆ ನ್ಯಾಯವಾದ ಕೆಲಸವಿದೆ: ಗಾಯಕರು ಎಷ್ಟು ಜೋರಾಗಿ ಹಾಡಿಯಾರೆಂದು ಮೊದಲೇ ತಿಳಿಯದ ಎಂಜಿನಿಯರಿಗೆ ಅದು ಕೈಕಾಲು ಆಡಿಸಲು ಜಾಗ ಕೊಡುತ್ತದೆ. ಮನೆಯಲ್ಲಿಯೋ, ಬೆಂಗಳೂರಿನ ಫ್ಲ್ಯಾಟೊಂದರ ಬಹು ನಿಶ್ಶಬ್ದವಾದ ಕೋಣೆಯಲ್ಲಿ ನಡುರಾತ್ರಿ 30 ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ, ಸಂಪಿನ ಮೋಟಾರು ಶುರುವಾದರೆ ಆ ಮಾತೂ ಇಲ್ಲ. ಆ 30ರ ಮೇಲೆ 144ನ್ನು ಪೂರ್ತಿ ಅನುಭವಿಸಬೇಕೆಂದರೆ ಧ್ವನಿ 174 ಡೆಸಿಬೆಲ್ ಮುಟ್ಟಬೇಕು. ಕಿವಿ ನೋಯಲಾರಂಭಿಸುವುದು 120ರ ಸುಮಾರಿಗೆ. ಆದುದರಿಂದ 24 ಬಿಟ್‌ನ ಪೂರ್ಣ ಸಾಕ್ಷಾತ್ಕಾರವು ಸಾಧಕನಿಗೆ ಜೀವನದಲ್ಲಿ ಒಂದೇ ಸಲ ಸಾಧ್ಯವೆಂಬುದು ಸಿದ್ಧಾಂತ.

ಇನ್ನು ಅಧಿಕಾರಿ. ವೇದಾಂತದಲ್ಲಿ ಶಮದಮಾದಿ ಸಂಪತ್ತುಳ್ಳವನು ಅಧಿಕಾರಿ. ಇಲ್ಲಿ ಸಂಪತ್ತನ್ನು ವಾಚ್ಯಾರ್ಥದಲ್ಲಿಯೇ ಗ್ರಹಿಸತಕ್ಕದ್ದು. ಐವತ್ತರ ಆಸುಪಾಸಿನ, ಮನೆಸಾಲ ತೀರಿಸಿದ, ಮಕ್ಕಳು ಹೊರದೇಶಕ್ಕೆ ಹೋದ ಕಾರಣ ಒಂದು ಕೋಣೆ ತೆರವಾಗಿರುವ ಪುರುಷನು ಉತ್ತಮಾಧಿಕಾರಿ. ವಯಸ್ಸು ಏರಿದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನೇ ಆದ್ದರಿಂದ ಈ ವಯಸ್ಸಿನ ಬಹುಮಂದಿಗೆ 14 ಕಿಲೋಹರ್ಟ್ಸ್ ದಾಟಿದ ಮೇಲೆ ಕೇಳಿಸುವುದು ಕಡಮೆ. 96 ಕಿಲೋಹರ್ಟ್ಸ್‌ವರೆಗಿನ ಕಂಪನಗಳನ್ನು ಹಿಡಿದಿಡಬಲ್ಲ ಫೈಲುಗಳನ್ನು ಕೊಳ್ಳುವ ಶಕ್ತಿ ಬರುವುದೂ ಸರಿಯಾಗಿ ಆಗಲೇ. ಹದಿನಾರರ ಹುಡುಗಿಗೆ ಕಿವಿ ಇರುತ್ತದೆ, ಡ್ಯಾಕ್ ಇರುವುದಿಲ್ಲ. (ಸಂಖ್ಯೆಗಳನ್ನು ಮರಳಿ ವಿದ್ಯುತ್ತಿನ ಏರಿಳಿತವಾಗಿ ಪರಿವರ್ತಿಸುವ ಉಪಕರಣಕ್ಕೆ ಡ್ಯಾಕ್ ಎಂದು ಹೆಸರು.) ಈ ವೈಷಮ್ಯವನ್ನು ಶಾಸ್ತ್ರಕಾರರು ಪೂರ್ವಜನ್ಮದ ಕರ್ಮದಿಂದಲ್ಲದೆ ಬೇರೆ ರೀತಿಯಲ್ಲಿ ವಿವರಿಸಲಾರರು. ಮನೆಯೊಡತಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲವೆಂಬ ಮತವಿದೆ. ಆದರೆ ಹೊಸ ಕೇಬಲ್ ಹಾಕಿದೊಡನೆ ಅಡುಗೆಮನೆಯಲ್ಲಿದ್ದ ಹೆಂಡತಿ ‘ಏನು ಬದಲಾಯಿಸಿದಿರಿ’ ಎಂದು ಕೇಳಿದಳೆಂಬ ವೃತ್ತಾಂತವು ಈ ಪರಂಪರೆಯ ವಿಮರ್ಶೆಗಳಲ್ಲಿ ಎಡೆಬಿಡದೆ ಬರುವುದರಿಂದ, ಸಾಕ್ಷಿಯ ಮಟ್ಟಿಗೆ ಮಾತ್ರ ಆಕೆಗೆ ಪ್ರವೇಶವುಂಟೆಂದು ತಿಳಿಯಬೇಕು.

ಸಂಬಂಧವೆಂಬ ಮೂರನೆಯ ಅನುಬಂಧವು ಯಾವ ಶಾಸ್ತ್ರದಲ್ಲಿಯೂ ಯಾರ ಆಸಕ್ತಿಯನ್ನೂ ಕೆರಳಿಸಿದ್ದಿಲ್ಲವಾಗಿ ಅದನ್ನು ದಾಟಿ ಪ್ರಮಾಣವಿಚಾರಕ್ಕೆ ಬರಬಹುದು. ಪ್ರಮಾಣವೆಂದರೆ ಯಥಾರ್ಥಜ್ಞಾನದ ಸಾಧನ. ಇಲ್ಲಿ ಪ್ರತ್ಯಕ್ಷವು ಎರಡು ವಿಧ: ಬೆಲೆ ತಿಳಿದು ಕೇಳುವುದು, ಬೆಲೆ ತಿಳಿಯದೆ ಕೇಳುವುದು. ಮೊದಲನೆಯದರಿಂದ ದೊರೆಯುವ ಜ್ಞಾನ ಅಪಾರ. ಎರಡನೆಯದರ ಗತಿ ಶೋಚನೀಯ. ಮೇಯರ್ ಮತ್ತು ಮೋರನ್ ಎಂಬ ಅಮೆರಿಕದ ಸಂಶೋಧಕರು ಅತ್ಯುಚ್ಚ ರೆಸೊಲ್ಯೂಷನ್ನಿನ ಧ್ವನಿಯನ್ನು ಹಾಗೆಯೇ ಒಮ್ಮೆ, 16 ಬಿಟ್ 44.1 ಕಿಲೋಹರ್ಟ್ಸ್‌ಗೆ ಇಳಿಸಿ ಒಮ್ಮೆ ಕೇಳಿಸಿ, ಯಾವುದು ಯಾವುದೆಂದು ಹೇಳಲು ಶ್ರೋತೃಗಳನ್ನು ಕೇಳಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು: 554 ಪ್ರಯತ್ನಗಳಲ್ಲಿ 276 ಸರಿಯುತ್ತರ, ನಾಣ್ಯ ಚಿಮ್ಮಿದ್ದರೂ ಬರುತ್ತಿದ್ದಷ್ಟು. ಪೂರ್ವಪಕ್ಷಕ್ಕೆ ಅನ್ಯಾಯವಾಗಬಾರದಷ್ಟೆ: ಲಂಡನ್ನಿನ ಜೋಶುವಾ ರೈಸ್ ಅವರು 18 ಪ್ರಯೋಗಗಳ ದತ್ತಾಂಶವನ್ನು ಕೂಡಿಸಿ 2016ರಲ್ಲಿ ಸರಿಯುತ್ತರದ ಪ್ರಮಾಣ ಶೇ. 52.3 ಎಂದು ಕಂಡುಕೊಂಡರು, ತರಬೇತಿ ಪಡೆದವರಲ್ಲಿ ಅದು ಇನ್ನೂ ಹೆಚ್ಚೆಂದೂ ಹೇಳಿದರು. ಏನೋ ಒಂದು ಇದೆ. ಐವತ್ತಕ್ಕಿಂತ ಎರಡೂಕಾಲರಷ್ಟು ಮೇಲಿರುವ ಆ ಏನೋ ಒಂದನ್ನು ವಿಮರ್ಶಕರು ‘ಪರದೆ ಸರಿದಂತಾಯಿತು’, ‘ಗಾಯಕ ಕೋಣೆಯೊಳಗೆ ಬಂದು ಕುಳಿತಂತಾಯಿತು’ ಎಂದು ವರ್ಣಿಸುವುದನ್ನು ಅಲಂಕಾರಶಾಸ್ತ್ರದಲ್ಲಿ ಅತಿಶಯೋಕ್ತಿ ಎನ್ನುತ್ತಾರೆ, ಅಂಗಡಿಯಲ್ಲಿ ಡೆಮೊ ಎನ್ನುತ್ತಾರೆ.

ಪ್ರತ್ಯಕ್ಷದ ದೌರ್ಬಲ್ಯಕ್ಕೆ 2022ರ ಪ್ರಸಂಗವೂ ನಿದರ್ಶನ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ವಿನೈಲ್ ರೆಕಾರ್ಡುಗಳು ಡಿಜಿಟಲ್ಲಿನ ಸೋಂಕೇ ಇಲ್ಲದ ಅನಲಾಗ್ ಶುದ್ಧಿಗೆ ಹೆಸರಾಗಿದ್ದವು. ಅವುಗಳಲ್ಲಿ ಅನೇಕವು ವರ್ಷಗಳಿಂದ ಡಿಎಸ್‌ಡಿ ಎಂಬ ಡಿಜಿಟಲ್ ಹಂತವನ್ನು ಹಾದು ಬಂದಿದ್ದುವೆಂದು ಆ ವರ್ಷ ಬಯಲಾಯಿತು. ಡಿಜಿಟಲ್ ಧ್ವನಿಯ ಕೃತಕತೆಯನ್ನು ಗೋಡೆಯಾಚೆಯಿಂದಲೂ ಗುರುತಿಸಬಲ್ಲೆವೆಂದು ಹೇಳುತ್ತಿದ್ದ ಕಿವಿಗಳು ಅಷ್ಟೂ ವರ್ಷ ಅದನ್ನೇ ಕೊಂಡಾಡಿದ್ದವು. ಬಯಲಾದದ್ದು ಕಿವಿಯಿಂದಲ್ಲ, ಬಾಯಿಂದ ಬಾಯಿಗೆ ಬಂದ ಸುದ್ದಿಯಿಂದ.

ಪ್ರತ್ಯಕ್ಷವು ಕೈಕೊಟ್ಟಲ್ಲಿ ಮೀಮಾಂಸಕರ ಅಪೂರ್ವವು ಕೈಹಿಡಿಯುತ್ತದೆ. ಇಂದು ಮಾಡಿದ ಯಜ್ಞಕ್ಕೂ ಮುಂದೆಂದೋ ಸಿಗುವ ಸ್ವರ್ಗಕ್ಕೂ ನಡುವೆ ಕಣ್ಣಿಗೆ ಕಾಣದೆ ಉಳಿದಿರುವ ಶಕ್ತಿಯನ್ನು ಅವರು ಅಪೂರ್ವವೆಂದರು. ಗಣಕನಾದಶಾಸ್ತ್ರದಲ್ಲಿ ಇದರ ಹೆಸರು ಬರ್ನ್-ಇನ್: ಹೊಸ ತಂತಿಯು ನೂರಾರು ಗಂಟೆ ನುಡಿದ ಮೇಲಷ್ಟೇ ತನ್ನ ಗುಣವನ್ನು ಬಿಟ್ಟುಕೊಡುತ್ತದೆಂಬ ನಂಬಿಕೆ. ಫಲ ಕಾಣಲಿಲ್ಲವೆಂದು ಗ್ರಾಹಕನು ಹೇಳಿದರೆ ಗಂಟೆಗಳು ಸಾಲದಾದುವೆಂದು ಅರ್ಥ. ಗಂಟೆಗಳು ಸಾಕಾಗುವ ಹೊತ್ತಿಗೆ ಹಿಂದಿರುಗಿಸುವ ಅವಧಿ ಮುಗಿದಿರುತ್ತದೆ.

ಸಾಧಕರಲ್ಲಿ ಏಳು ವರ್ಗಗಳಿವೆ. ಮೊದಲನೆಯವರು ತಂತುನಿಷ್ಠರು. ಕಂಪ್ಯೂಟರಿನಿಂದ ಡ್ಯಾಕ್‌ಗೆ ಹೋಗುವ ಯುಎಸ್‌ಬಿ ತಂತಿಯೇ ನಾದದ ನಾಡಿಯೆಂದು ಇವರ ಮತ. ಈಚಿನ ಡ್ಯಾಕ್‌ಗಳಲ್ಲಿ ಅಸಿಂಕ್ರೊನಸ್ ಎಂಬ ವ್ಯವಸ್ಥೆಯಿದ್ದು, ಸಂಖ್ಯೆಗಳನ್ನು ಯಾವ ಗತಿಯಲ್ಲಿ ನುಡಿಸಬೇಕೆಂಬುದನ್ನು ಡ್ಯಾಕ್‌ನೊಳಗಿನ ಗಡಿಯಾರವೇ ನಿರ್ಧರಿಸುತ್ತದೆ, ಕಂಪ್ಯೂಟರು ಕೇಳಿದಾಗ ಕೇಳಿದಷ್ಟು ಕೊಡುವ ಉಗ್ರಾಣದವನು ಮಾತ್ರ. ತಂತಿಯ ಮೂಲಕ ವಿದ್ಯುತ್ ಗದ್ದಲ ಹರಿದುಬರಬಹುದು, ಅರ್ಥಿಂಗ್ ಸರಿಯಿಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬರಬಹುದು, ಇವು ನಿಜ. ಆದರೆ ತಂತಿಯ ಬೆಳ್ಳಿಯಿಂದ ಭೈರವಿಯ ನಿಷಾದವು ಕೋಮಲತರವಾಗುವುದಿಲ್ಲ. ಎರಡನೆಯವರು ವಿದ್ಯುಚ್ಛುದ್ಧಿನಿಷ್ಠರು; ಬೆಸ್ಕಾಂ ಕೊಡುವ ವಿದ್ಯುತ್ತು ಮೂಲತಃ ಅಶುಚಿಯೆಂದು ಬಗೆದು, ಹಿತ್ತಲಿನಲ್ಲಿ ಪ್ರತ್ಯೇಕ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿ, ತಾಮ್ರದ ಫಲಕವನ್ನು ಹೂತು ಭೂಸಂಸ್ಕಾರ ಮಾಡುವವರು. ಮೂರನೆಯವರು ಪ್ರತಿಕೃತಿಭೀರುಗಳು: ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲಾದ ಫೈಲು ಮೂಲಕ್ಕಿಂತ ಒರಟಾಗಿ ಕೇಳುತ್ತದೆಂಬುದು ಇವರ ಅನುಭವ. ಸಂಗೀತವನ್ನು ನಷ್ಟವಿಲ್ಲದೆ ಕುಗ್ಗಿಸಿಡುವ ಫ್ಲ್ಯಾಕ್ ಎಂಬ ವಿಧಾನವು 2001ರಿಂದ ಉಚಿತವಾಗಿ ಲಭ್ಯವಿದ್ದು, ಮೂಲಧ್ವನಿಯ ಲೆಕ್ಕಮುದ್ರೆಯೊಂದನ್ನು ಫೈಲಿನೊಳಗೇ ಒತ್ತಿಟ್ಟಿರುವುದರಿಂದ ಒಂದೇ ಒಂದು ಬಿಟ್ ಬದಲಾದರೂ ತಾಳೆ ನೋಡಿ ಹಿಡಿಯಬಹುದು. ತಾಳೆಯಾಯಿತೆಂದು ತೋರಿಸಿದರೆ, ಬಿಟ್‌ಗಳು ಅವೇ, ಆದರೆ ಅವುಗಳ ಮನೋಧರ್ಮ ಬೇರೆ ಎಂಬರ್ಥದ ಉತ್ತರ ಬರುತ್ತದೆ. ನಾಲ್ಕರಿಂದ ಏಳರವರೆಗಿನ ವರ್ಗಗಳು ಇವರೇ, ಬೇರೆ ಬೇರೆ ಕಂತಿನ ಸಾಲಗಳಲ್ಲಿ.

ಇನ್ನು ಉಳಿದದ್ದು ಪ್ರಯೋಜನ. ಇಷ್ಟೆಲ್ಲ ಶುದ್ಧಿಯಾದ ಬಳಿಕ ಭಂಡಾರದಲ್ಲಿ ಏನಿದೆಯೆಂದು ನೋಡಿದವರಿಗೆ ಶಾಸ್ತ್ರದ ಗಾಂಭೀರ್ಯವನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ. ಫೈಲಿನೊಡನೆ ಅದರ ವಿವರವನ್ನು ಬರೆದಿಡುವ ಚೀಟಿಗೆ ಟ್ಯಾಗ್ ಎನ್ನುತ್ತಾರೆ. ಎಂಪಿ3 ಫೈಲುಗಳಿಗಾಗಿ 1996ರಲ್ಲಿ ಹುಟ್ಟಿದ ಐಡಿ3 ಎಂಬ ಮೊದಲ ಟ್ಯಾಗಿನಲ್ಲಿ ಒಟ್ಟು 128 ಬೈಟ್‌ಗಳ ಜಾಗ, ಹಾಡಿನ ಹೆಸರಿಗೆ 30, ಕಲಾವಿದರ ಹೆಸರಿಗೆ 30. ಸಂಗೀತದ ಪ್ರಕಾರಗಳ ಪಟ್ಟಿಯೊಂದನ್ನು ಅದರೊಡನೆ ಕೊಟ್ಟಿದ್ದರು, 80 ಪ್ರಕಾರಗಳು. ಅದರಲ್ಲಿ ಪೋಲ್ಕಾ ಇದೆ, ಕ್ರಿಶ್ಚಿಯನ್ ರ‍್ಯಾಪ್ ಇದೆ. ಹಿಂದೂಸ್ತಾನಿ ಇಲ್ಲ, ಕರ್ನಾಟಕ ಸಂಗೀತ ಇಲ್ಲ. ಜಗತ್ತಿನ ಉಳಿದೆಲ್ಲವನ್ನೂ ತುಂಬಲು ‘ಎತ್ನಿಕ್’ ಎಂಬ ಒಂದು ಗೋಣಿಚೀಲ. ಅಂದಿನವರಿಗೆ ತಿಳಿಯದೆ ಹೋಯಿತೆಂದು ಕ್ಷಮಿಸಬಹುದು. ಫ್ಲ್ಯಾಕ್‌ನ ಟ್ಯಾಗಿನಲ್ಲಾದರೋ ಇಷ್ಟೇ ಅಂಕಣ, ಇಷ್ಟೇ ಅಕ್ಷರ ಎಂಬ ಕಟ್ಟುಪಾಡೇ ಇಲ್ಲ. ರಾಗ, ತಾಳ, ಘರಾಣೆ, ಸಾರಂಗಿ, ಪಿಟೀಲು, ತಂಬೂರಿ ಎಂದು ಬೇಕಾದಷ್ಟು ಅಂಕಣಗಳನ್ನು ಮಾಡಿಕೊಳ್ಳಬಹುದು. ಜಾಗ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಖಾಲಿ ಬಿದ್ದಿದೆ. ತುಂಬುವ ವ್ಯವಧಾನ ಮಾರುವವರಿಗೂ ಇಲ್ಲ, ಕೊಳ್ಳುವವರಿಗೂ ಇಲ್ಲ. ಗಂಟೆಗಟ್ಟಲೆ ಗಾಯಕನ ಬೆನ್ನಿಗೆ ಕುಳಿತು ಶ್ರುತಿ ಮೀಟಿದ ಹೆಂಗಸಿನ ಹೆಸರನ್ನು ಬರೆಯಲು ಬೇಕಾದ ಹತ್ತಿಪ್ಪತ್ತು ಬೈಟ್‌ಗಳನ್ನು ಯಾರೂ ಖರ್ಚು ಮಾಡಲಿಲ್ಲ, ಆಕೆಯ ತಂತಿಯ ಕೇಳಿಸದ ಕಂಪನಗಳಿಗೆ ಮಾತ್ರ ಕುಗ್ಗಿಸದ 24 ಬಿಟ್ 192 ಕಿಲೋಹರ್ಟ್ಸ್ ಲೆಕ್ಕದಲ್ಲಿ ನಿಮಿಷಕ್ಕೆ 69 ಮೆಗಾಬೈಟ್ ಸುರಿಯಲಾಗುತ್ತಿದೆ.

ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಮೈಕ್ರೊಫೋನೇ ಇರಲಿಲ್ಲ. ಒಂದು ಕೊಳವೆಯೊಳಗೆ ಮುಖವಿಟ್ಟು ಮೂರು ಚಿಲ್ಲರೆ ನಿಮಿಷಗಳಲ್ಲಿ ರಾಗವನ್ನು ಮುಗಿಸಬೇಕಿತ್ತು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಿದ್ದರು, ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಅಚ್ಚುಹಾಕುವವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂದು. ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆಕೆಯ ಆ ತಟ್ಟೆಗಳಲ್ಲಿ ಮೇಲಿನ ಕಂಪನಗಳೂ ಇಲ್ಲ, ಕೆಳಗಿನವೂ ಇಲ್ಲ, ಕೊಬ್ಬರಿ ಹುರಿದಂಥ ಕರಕರ ಸದ್ದಿದೆ. ಆದರೂ ಹೆಸರನ್ನು ಹಾಡಿನಿಂದ ಬೇರ್ಪಡಿಸಲು ಯಾವ ತಂತ್ರಾಂಶಕ್ಕೂ ಆಗಿಲ್ಲ. ಅಂಥದೇ ತಟ್ಟೆಗಳ ಕಾಲದಲ್ಲಿ ಗದುಗಿನ ಹುಡುಗನೊಬ್ಬ ಅಂಗಡಿಯ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಸುವ ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆಬಿಟ್ಟ. ಹನ್ನೊಂದು ವರ್ಷದ ಭೀಮಸೇನ ಜೋಶಿಗೆ ಆ ಅಂಗಡಿಯಲ್ಲಿ ಎಷ್ಟು ಡೆಸಿಬೆಲ್ ಅಂತರ ಸಿಕ್ಕಿತೆಂಬುದನ್ನು ಶಾಸ್ತ್ರವು ಹೇಳಲಾರದು.

ಧಾರವಾಡ ಆಕಾಶವಾಣಿಯ ರಾತ್ರಿಯ ಕಛೇರಿಗಳನ್ನು ರೇಡಿಯೊ ಎದುರು ಕುಳಿತು ಕ್ಯಾಸೆಟ್ಟಿಗೆ ತುಂಬಿಕೊಂಡು, ಗಾಯಕರು, ರಾಗ, ತಬಲಾ, ಹಾರ್ಮೋನಿಯಂ, ತಾರೀಖು ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟ ಶಾಲಾಮಾಸ್ತರರು, ಬ್ಯಾಂಕ್ ಗುಮಾಸ್ತರು ಉತ್ತರ ಕರ್ನಾಟಕದ ಊರೂರುಗಳಲ್ಲಿ ಇದ್ದರು. ಅವರಲ್ಲಿ ಅನೇಕರು ಈಗಿಲ್ಲ. ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿಯುತ್ತಿದೆ. ಮಕ್ಕಳು ಮನೆ ಖಾಲಿಮಾಡುವಾಗ ಅವು ಹಳೇಪೇಪರಿನವನ ತಕ್ಕಡಿಗೆ ಹೋಗುತ್ತವೆ. ಒಂದು ಹಳೆಯ ಕ್ಯಾಸೆಟ್ ಪ್ಲೇಯರು, ಒಂದು ಸಾಧಾರಣ ಕಂಪ್ಯೂಟರು, ಸಿ.ಡಿ. ಮಟ್ಟದ ಧ್ವನಿಮುದ್ರಣ, ಪೆನ್ಸಿಲಿನ ಬರಹವನ್ನು ನೋಡಿ ಟೈಪು ಮಾಡುವ ಒಬ್ಬ ಮನುಷ್ಯ, ಇಷ್ಟು ಸಾಕು ಅವುಗಳನ್ನು ಉಳಿಸಲು. ಒಂದು ಮೀಟರ್ ಬೆಳ್ಳಿ ತಂತಿಯ ಬೆಲೆಯಲ್ಲಿ ಇಂಥ ಒಂದು ಪೆಟ್ಟಿಗೆ ಕ್ಯಾಸೆಟ್ಟುಗಳು ಪೂರ್ತಿ ಉಳಿಯುತ್ತವೆ, ಆದರೆ ಅವುಗಳ ಧ್ವನಿಯಲ್ಲಿ 12 ಕಿಲೋಹರ್ಟ್ಸ್ ಮೇಲೆ ಹೆಚ್ಚೇನೂ ಇಲ್ಲದ್ದರಿಂದ ಶುದ್ಧಿನಿಷ್ಠರ ಕೋಣೆಯೊಳಗೆ ಅವಕ್ಕೆ ಪ್ರವೇಶವಿಲ್ಲ. ಉಳಿಸಿದವರೂ ಅವಸರಕ್ಕೆ ಬಿದ್ದು ಪೆನ್ಸಿಲಿನ ಬರಹವನ್ನು ಬಿಟ್ಟು ಧ್ವನಿಯನ್ನಷ್ಟೇ ಕಂಪ್ಯೂಟರಿಗೆ ಏರಿಸಿದ್ದರಿಂದ, ‘ಟ್ರ್ಯಾಕ್ 03, ಅನ್‌ನೋನ್ ಆರ್ಟಿಸ್ಟ್’ ಎಂಬ ಹೆಸರಿನ ಗಾಯಕರು ಕರ್ನಾಟಕದಲ್ಲಿ ಅತ್ಯಂತ ಹೆಚ್ಚು ಧ್ವನಿಮುದ್ರಣ ಮಾಡಿಸಿಕೊಂಡವರಾಗಿ ಪರಿಣಮಿಸಿದ್ದಾರೆ. ಹೆಸರು ಇರುವಲ್ಲಿಯೂ ತೊಂದರೆಯಿದೆ: ‘ಮಲ್ಲಿಕಾರ್ಜುನ ಮನ್ಸೂರ್’, ‘ಪಂ. ಮಲ್ಲಿಕಾರ್ಜುನ ಮನ್ಸೂರ’, ‘ಪಂಡಿತ್ ಎಂ. ಮನ್ಸೂರ್’ ಎಂದು ಮೂರು ಕಡೆ ಮೂರು ರೀತಿಯಲ್ಲಿ ಬರೆದಿಟ್ಟದ್ದನ್ನು ಲಕ್ಷಾಂತರ ರೂಪಾಯಿಯ ಸರ್ವರು ಓದಿ, ಅವರನ್ನು ಮೂವರು ಬೇರೆ ಬೇರೆ ಗಾಯಕರೆಂದು ವಿಂಗಡಿಸಿ, ಇವರನ್ನು ಮೆಚ್ಚಿದವರು ಅವರನ್ನೂ ಮೆಚ್ಚಬಹುದೆಂದು ಶಿಫಾರಸು ಮಾಡುತ್ತದೆ.